ಐಸಿನಲ್ಲಿಟ್ಟ ಬಾಟಲಿ

"ಇದು ಮೀನಾ? ಹೊಟ್ಟೆ ಒತ್ತಿ ನೋಡು. ಇದನ್ನ ನಿನ್ನ ಮನೆಯವ್ರಿಗೆ ತಿನ್ನಿಸ್ತ್ಯಾ?"

ಬೈತಖೋಲ್ ಬಂದರಿನ ಕಟ್ಟೆಯ ಮೇಲೆ ಒಂದು ಬುಟ್ಟಿ ಬಂಗಡೆ ದಡಕ್ಕನೆ ಮಗುಚಿತು. ಮಗುಚಿದವಳು ನೀತಾ. ಬಿದ್ದದ್ದು ಸಂದೇಶನ ಪಾದದ ಮೇಲೆ!

ಹರಾಜು ಕೂಗುತ್ತಿದ್ದವನ ದನಿ ಅಲ್ಲಿಗೇ ನಿಂತಿತು. ಅಂಕೋಲೆ ಕಡೆಯ ಹಾರವಾಡದ ಈ ಹುಡುಗಿಯ ಬಾಯಿಗೆ ಬಂದರಿನವರೆಲ್ಲ ಹೆದರುತ್ತಿದ್ದರು. ಇಲ್ಲಿ ಮೀನು ಕೊಂಡು ಅಂಕೋಲೆ ಪೇಟೆಯಲ್ಲಿ ಮಾರುವವಳು ಅವಳು. ಮೆತ್ತಗಾದ ಒಂದು ಬಂಗಡೆಯನ್ನೂ ಗಿರಾಕಿಗೆ ಕೊಟ್ಟವಳಲ್ಲ. ಸಂದೇಶ ಮಾಜಾಳಿಯವನು, ಜಟ್ಟಪ್ಪನ ಬೋಟಿನ ಡ್ರೈವರ್. ಆ ಬೋಟಿಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ.

ಅವನು ಬಗ್ಗಿ ಒಂದು ಮೀನೆತ್ತಿ ಹೆಬ್ಬೆರಳಿನಿಂದ ಒತ್ತಿದ.

"ಐಸ್ ಕಡಿಮೆ ಆಯ್ತು," ಎಂದ. "ತಪ್ಪು ನಮ್ದೇ."

ಅಷ್ಟೇ! ನೀತಾ ಇನ್ನೂ ಹತ್ತು ಮಾತು ತಯಾರು ಮಾಡಿಕೊಂಡಿದ್ದಳು. ಅವನ್ನೆಲ್ಲ ಎಲ್ಲಿಡುವುದೋ ತಿಳಿಯದೆ ನಿಂತುಬಿಟ್ಟಳು. ತಪ್ಪು ನಮ್ಮದು ಎನ್ನುವ ಗಂಡಸನ್ನು ಆ ಬಂದರಿನಲ್ಲಿ ಅವಳು ಕಂಡದ್ದು ಅದೇ ಮೊದಲು.

ಮಾರನೆಯ ದಿನ ಅವಳಿಗೆಂದೇ ಒಂದು ಬುಟ್ಟಿ ಬೇರೆ ಇಟ್ಟಿತ್ತು. ಮೀನಿಗಿಂತ ಐಸೇ ಹೆಚ್ಚು. ಅವಳು ಮಾತಾಡದೆ ಎತ್ತಿಕೊಂಡು ಹೋದಳು. ಮೂರನೆಯ ದಿನ ಚಹಾ ಆಯಿತಾ ಎಂದು ಅವಳೇ ಕೇಳಿದಳು. ಎಂಟು ತಿಂಗಳಿಗೆ ಮದುವೆಯೂ ಆಯಿತು!

ಮಾಜಾಳಿಯ ಮನೆಯಲ್ಲಿ ಅತ್ತೆ ದುರ್ಗಾಳ ಎದುರು ಗಂಡನಿಗೆ 'ನೀವು'. ಇಬ್ಬರೇ ಇದ್ದಾಗ ಬಂದರಿನ ಅದೇ 'ನೀ'. ಅವನಿಗೆ ಅದೇ ಇಷ್ಟ. 'ನೀವು' ಎಂದರೆ ಯಾರನ್ನೋ ಕರೆದ ಹಾಗೆ ಆಗ್ತದೆ ಎಂದು ನಗುತ್ತಿದ್ದ.

ಐದು ವರ್ಷ ಹೀಗೆ ಕಳೆಯಿತು. ಒಂದೇ ಕೊರತೆ... ಮಗು.

ಮೊದಲ ವರ್ಷ "ಎಂತಾದ್ರೂ ವಿಶೇಷ ಅದೆಯಾ?" ಎಂದು ಕೇಳುತ್ತಿದ್ದ ಪೇಟೆಯ ಹೆಂಗಸರು ನಾಲ್ಕನೆಯ ವರ್ಷಕ್ಕೆ ಕೇಳುವುದನ್ನೇ ಬಿಟ್ಟರು. ಕೇಳುವುದಕ್ಕಿಂತ ಕೇಳದಿರುವುದೇ ಹೆಚ್ಚು ಚುಚ್ಚುತ್ತದೆ ಎಂದು ನೀತಾಳಿಗೆ ಆಗ ಗೊತ್ತಾಯಿತು. ಅತ್ತೆ ಕೆಟ್ಟವಳಲ್ಲ. ಆದರೆ ಹರಕೆ ಹೊರುವಾಗಲೆಲ್ಲ ಸೊಸೆಯ ಹೆಸರನ್ನೇ ಹೇಳುತ್ತಿದ್ದಳು. ಮಗನ ಹೆಸರು ಒಮ್ಮೆಯೂ ಬರಲಿಲ್ಲ.

ಕೊನೆಗೆ ಕಾರವಾರದ ಡಾಕ್ಟರು ನೀತಾಳ ಎಲ್ಲ ಪರೀಕ್ಷೆ ಮುಗಿಸಿ, ಇವರಲ್ಲಿ ಏನೂ ತೊಂದರೆ ಇಲ್ಲ, ಗಂಡನದು ನೋಡೋಣ ಎಂದರು. ಸಂದೇಶ ಬೇಡವೆನ್ನಲಿಲ್ಲ. ಎರಡು ಸಲ ವೀರ್ಯ ಪರೀಕ್ಷೆ ಆಯಿತು. ಎರಡೂ ಸಲ ಒಂದೇ ಉತ್ತರ. ಸೊನ್ನೆ!

ಮುಂದೆ ನೋಡಿದ್ದು ಸರ್ಜನ್. ವಯಸ್ಸಾದವರು, ಮಾತು ನಿಧಾನ. ಸಂದೇಶನ ತೊಡೆಸಂದಿಯ ಎರಡೂ ಕಡೆ ಹಳೆಯ ಗಾಯದ ಗುರುತು ನೋಡಿ, ಇದು ಯಾವಾಗಿನದು ಎಂದು ಕೇಳಿದರು. ಒಂಬತ್ತನೆಯ ವರ್ಷದಲ್ಲಿ ಹರ್ನಿಯಾ ಆಪರೇಶನ್ ಆಗಿತ್ತು ಎಂದ ಅವನು.

ಅವರು ಇಬ್ಬರನ್ನೂ ಕೂರಿಸಿ ಹೇಳಿದರು. "ಹಾರ್ಮೋನು ಸರಿ ಇದೆ. ವೃಷಣದ ಗಾತ್ರ ಸರಿ ಇದೆ. ಆದರೂ ವೀರ್ಯಾಣು ಒಂದೂ ಇಲ್ಲ. ಒಂದೋ ಒಳಗೆ ತಯಾರಾಗ್ತಿಲ್ಲ. ಇಲ್ಲವೋ ತಯಾರಾದದ್ದು ಹೊರಗೆ ಬರುವ ನಾಳ ಮುಚ್ಚಿದೆ, ಬಹುಶಃ ಆ ಹಳೇ ಆಪರೇಶನ್ನಿನಲ್ಲಿ. ನನಗೆ ಎರಡನೆಯದರ ಮೇಲೇ ಅನುಮಾನ. ಆದರೆ ಖಾತ್ರಿಯಾಗಬೇಕಾದರೆ ವೃಷಣದಿಂದ ಅಕ್ಕಿಕಾಳಿನಷ್ಟು ತುಂಡು ತೆಗೆದು ನೋಡಬೇಕು. ಬಯಾಪ್ಸಿ."

ಬಯಾಪ್ಸಿ ಎಂದ ಕೂಡಲೇ ಸಂದೇಶನ ಮುಖ ಬಿಳಿಚಿತು. ಅವರ ಕೇರಿಯಲ್ಲಿ ಆ ಪದಕ್ಕೆ ಒಂದೇ ಅರ್ಥ. ಕ್ಯಾನ್ಸರ್. ಡಾಕ್ಟರು ನಕ್ಕು, ಅದಲ್ಲ ಮಾರಾಯಾ, ಒಳಗೆ ಕೆಲಸ ನಡೀತಿದೆಯಾ ಇಲ್ಲವಾ ಅಂತ ನೋಡೋದಷ್ಟೇ ಎಂದರು.

ಮೆಟ್ಟಿಲು ಇಳಿಯುವಾಗ ಅವನು ನಿಂತ. "ಅಲ್ಲಿ ಕೊಯ್ಯೂದಾ ನೀತಾ..."

"ನನ್ನ ಒಳಗೆ ಎಷ್ಟು ಸಲ ನೋಡಿದ್ರು, ನಾ ಲೆಕ್ಕ ಇಟ್ಟಿದ್ನಾ?" ಎಂದಳು ಅವಳು. "ಒಂದು ಸಲ. ನಾ ಹೊರಗೇ ಕೂತಿರ್ತೆ."

ಅವನು ಒಪ್ಪಿದ. ಅವಳು ಹೇಳಿದ್ದಕ್ಕೇ ಒಪ್ಪಿದ.

ಒಂದು ಬೆಳಗ್ಗೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನರ್ಸ್ ಹೊರಗೆ ಬಂದು ನೀತಾಳ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟಳು. ಒಳಗೆ ಅರಿಶಿನದಂಥ ಹಳದಿ ದ್ರವ, ಅದರಲ್ಲಿ ಕಂಡೂ ಕಾಣದ ಒಂದು ಚೂರು. ನಾಳೆ ಹುಬ್ಬಳ್ಳಿಯ ಲ್ಯಾಬಿಗೆ ತಲುಪಿಸಿ, ಜೋಪಾನ ಎಂದಷ್ಟೇ ಹೇಳಿ ಅವಳು ಇನ್ನೊಬ್ಬರ ಕಡೆ ಓಡಿದಳು.

ಜೋಪಾನ!

ಮೀನು ಮಾರುವ ಮನೆಯಲ್ಲಿ ಹುಟ್ಟಿದವಳಿಗೆ ಜೋಪಾನ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಮೈಯಿಂದ ಬಂದದ್ದು ಕೆಡಬಾರದು ಎಂದರೆ ಐಸ್ ಬೇಕು. ಅವಳ ತಾಯಿ ನಾಗಮ್ಮ ದುಬಾರಿ ಮೀನು ದೂರದೂರಿಗೆ ಕಳಿಸುವಾಗ ಐಸಿಗೆ ಕಲ್ಲುಪ್ಪು ಬೆರೆಸುತ್ತಿದ್ದಳು. ಹಾಗೆ ಮಾಡಿದರೆ ತಂಪು ಇಮ್ಮಡಿ. ನೀತಾ ಥರ್ಮಾಕೋಲ್ ಪೆಟ್ಟಿಗೆ ತೊಳೆದು ಒರೆಸಿ, ಐಸ್ ಪುಡಿ ಮಾಡಿ, ಉಪ್ಪು ಬೆರೆಸಿ, ಬಾಟಲಿಯನ್ನು ನಡುವೆ ಹುಗಿದಳು. ಹುಗಿಯುವಾಗ ಕಣ್ಣು ಮುಚ್ಚಿ ಬೇಡಿಕೊಂಡಳು ಕೂಡ. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟು ಅರಬೈಲ್ ಘಟ್ಟದ ಉದ್ದಕ್ಕೂ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು.

ಹುಬ್ಬಳ್ಳಿಯ ಕೌಂಟರಿನವನು ಮಂಜು ಹಿಡಿದ ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆಯುತ್ತ ಅವಳನ್ನು ಒಂದು ಥರ ನೋಡಿದ. ಅವಳ ಅಚ್ಚುಕಟ್ಟಿಗೆ ಮೆಚ್ಚಿದ ಎಂದುಕೊಂಡಳು!

*

ವರದಿ ಹತ್ತು ದಿನಕ್ಕೆ ಸಂದೇಶನ ಮೊಬೈಲಿಗೆ ಬಂತು. ಅವನು ಬೋಟಿನ ಮೇಲಿದ್ದ. ಒಂದಿಡೀ ಪುಟ ಇಂಗ್ಲಿಷ್. ಅದರಲ್ಲಿ ಅವನಿಗೆ ಗೊತ್ತಾದದ್ದು ಒಂದು ಸಾಲು. ವೀರ್ಯಾಣು ಕಂಡುಬಂದಿಲ್ಲ.

ಮುಂದಿನ ಸಾಲುಗಳನ್ನು ಅವನು ಯಾರಿಂದಲೂ ಓದಿಸಲಿಲ್ಲ. ಇಂಥದ್ದನ್ನು ಯಾರ ಮುಂದೆ ಹಿಡಿಯುವುದು? ಸರ್ಜನ್ ಹತ್ತಿರವೂ ಹೋಗಲಿಲ್ಲ.

*ನಂದು ಮುಗೀತು. ಅವಳದ್ದು ಯಾಕೆ ಮುಗೀಬೇಕು?*

ಅವಳಿಗೆ ಇಪ್ಪತ್ತೊಂಬತ್ತು. ಈಗ ಬಿಟ್ಟರೆ ಬೇರೆ ಬದುಕು ಕಟ್ಟಿಕೊಳ್ಳುತ್ತಾಳೆ. ನಿಜ ಹೇಳಿದರೆ ಮಾತ್ರ ಬಿಟ್ಟು ಹೋಗುವವಳೇ ಅಲ್ಲ. ಕನಿಕರಕ್ಕೆ ಬಿದ್ದು ಇಲ್ಲೇ ಉಳಿಯುತ್ತಾಳೆ. ಆ ಕನಿಕರ ಅವನಿಗೆ ಬೇಡವಾಗಿತ್ತು. ಗಂಡಸರ ತ್ಯಾಗ ಎಷ್ಟೋ ಸಲ ಹೀಗೇ ಇರುತ್ತದೆ, ಯಾರಿಗಾಗಿಯೋ ಅವರನ್ನು ಒಂದು ಮಾತು ಕೇಳಿರುವುದಿಲ್ಲ!

ವರದಿ ಬಂತಾ ಎಂದು ನೀತಾ ಕೇಳಿದರೆ ಇನ್ನೂ ಇಲ್ಲ ಎಂದ. ಆಮೇಲೆ ಮಾತೇ ಕಡಿಮೆಯಾಯಿತು. ನಾಗಮ್ಮನಿಗೆ ಜ್ವರ ಬಂದಾಗ, ಹಾರವಾಡಕ್ಕೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದು ತಾನೇ ಬಸ್ಸು ಹತ್ತಿಸಿದ. ನಾಲ್ಕು ದಿನ ವಾರವಾಯಿತು. ಕರೆಯಲು ಬರಲಿಲ್ಲ. ಅವಳೇ ಫೋನ್ ಮಾಡಿದಳು.

"ಬರೂದು ಬೇಡ," ಎಂದ. "ನಂಗೆ ಸಾಕಾಯ್ತು ನೀತಾ. ನೀ ನಿನ್ನ ದಾರಿ ನೋಡ್ಕೋ."

ಫೋನ್ ಕಟ್ಟಾಯಿತು.

*ಸಾಕಾಯ್ತಾ? ನಾನು?*

ನಾಲ್ಕು ತಿಂಗಳು. ನೀತಾ ಬೈತಖೋಲಿನ ಕಡೆ ತಲೆಹಾಕಲಿಲ್ಲ, ಹಾರವಾಡದಲ್ಲೇ ಮೀನು ಕೊಂಡು ಮಾರಿದಳು. ಅಂಕೋಲೆ ಪೇಟೆಯಲ್ಲಿ ಅವಳ ಎದುರೇ ಮಾತು ಓಡಾಡತೊಡಗಿತು. ಮಕ್ಕಳಾಗಲಿಲ್ಲ, ಗಂಡ ಬಿಟ್ಟ. ಚಿತ್ತಾಕುಲದ ಕಡೆ ಹೊಸ ಹೆಣ್ಣು ನೋಡ್ತಿದ್ದಾರಂತೆ. ಮೀನು ಕೊಯ್ಯುವ ಅವಳ ಕೈ ಮಾತ್ರ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದರೆ ಉಪ್ಪುನೀರಿನ ಕೈಯಿಂದಲೇ ಒರೆಸಿಕೊಂಡಳು, ಅದು ಇನ್ನಷ್ಟು ಉರಿಯಿತು.

ಒಂದು ದಿನ ಪರ್ಸಿನಲ್ಲಿ ಹುಬ್ಬಳ್ಳಿ ಲ್ಯಾಬಿನ ರಸೀದಿ ಸಿಕ್ಕಿತು. ಅದನ್ನು ನೋಡುತ್ತ ನಿಂತವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾವ ಲ್ಯಾಬ್ ನಾಲ್ಕು ತಿಂಗಳು ವರದಿ ಕೊಡದೆ ಕೂರುತ್ತದೆ? ಅವನು ತನ್ನನ್ನು ಬಿಡುವುದಾದರೆ ಬಿಡಲಿ. ಆದರೆ ಕಾರಣ ಏನೆಂದು ತಾನು ತಿಳಿಯಲೇಬೇಕು. ಮೀನಿನ ಬುಟ್ಟಿಯನ್ನು ಪಕ್ಕದ ನೀಲಾಳಿಗೆ ಒಪ್ಪಿಸಿ ಹುಬ್ಬಳ್ಳಿ ಬಸ್ಸು ಹತ್ತಿದಳು.

*

ಲ್ಯಾಬಿನಲ್ಲಿ ರಸೀದಿ ನೋಡಿ ಅವಳನ್ನು ಒಳಗೆ ಕಳಿಸಿದರು. ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವ ಡಾಕ್ಟರ್ ಪೂರ್ಣಿಮಾ ತಲೆಯೆತ್ತಿದರು.

"ಕಾರವಾರದವರಾ? ಐಸ್ ಪೆಟ್ಟಿಗೆಯವರು ನೀವೇನಾ?"

ನೀತಾ ತಲೆಯಾಡಿಸಿದಳು.

"ನಾನು ನಿಮ್ಮ ಯಜಮಾನರ ಫೋನಿಗೆ ಎರಡು ಸಲ ಮಾಡಿದೆ. ಎತ್ತಲಿಲ್ಲ. ಮರುಮಾದರಿ ಕಳಿಸಿ ಅಂತ ಬರೆದಿದ್ದೆನಲ್ಲ?"

ಯಾವ ಮರುಮಾದರಿ? ನೀತಾಳಿಗೆ ಒಂದೂ ಅರ್ಥವಾಗಲಿಲ್ಲ. ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ಬೇರೆ ಯಾರದೋ, ಚೆನ್ನಾಗಿ ಬಂದದ್ದು. ಸಣ್ಣ ಸಣ್ಣ ದುಂಡು ಕೊಳವೆಗಳು, ಒಳಗೆ ಸಾಲಾಗಿ ಜೀವಕೋಶಗಳು. ಇನ್ನೊಂದು ಸಂದೇಶನದು. ಎಲ್ಲವೂ ಹರಿದು ಚಿಂದಿ, ನಡುನಡುವೆ ಖಾಲಿ ತೂತು.

ಆ ಹಳದಿ ದ್ರವವೇ ತುಂಡನ್ನು ಕೆಡದಂತೆ ಕಾಯುತ್ತದೆ, ಅದಕ್ಕೆ ಐಸ್ ಬೇಡ ಎಂದು ಅವರು ಬಿಡಿಸಿ ಹೇಳಿದರು. ಉಪ್ಪು ಬೆರೆಸಿದ ಐಸಿನಲ್ಲಿ ಒಳಗಿನದ್ದು ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ನೀರು ಜೀವಕೋಶವನ್ನು ಒಡೆದುಹಾಕುತ್ತದೆ. ವೀರ್ಯಾಣು ಕಂಡುಬಂದಿಲ್ಲ ಎಂದರೆ ಇಲ್ಲ ಎಂದಲ್ಲ, ಕಾಣುವ ಸ್ಥಿತಿಯಲ್ಲಿ ಏನೂ ಉಳಿದಿರಲಿಲ್ಲ ಎಂದು.

"ಹಾಗಾದರೆ... ಅವರಲ್ಲಿ ಇರಬಹುದಾ?"

"ಇರಬಹುದು, ಇಲ್ಲದೆಯೂ ಇರಬಹುದು. ಈ ತುಂಡು ಏನನ್ನೂ ಹೇಳುವುದಿಲ್ಲ. ಇನ್ನೊಂದು ಬೇಕು."

ನೀತಾ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಸಿದಳು. ಈಗ ಎಲ್ಲ ಅರ್ಥವಾಯಿತು. ವರದಿ ಬಂದಿತ್ತು. ಅವನು ಓದಿದ್ದ. ಒಬ್ಬನೇ ನುಂಗಿಕೊಂಡಿದ್ದ. ಅದಕ್ಕೇ ತನ್ನನ್ನು ಕಳಿಸಿದ್ದ.

*ನಾನೇ... ನನ್ನ ಕೈಯಾರೆ...*

ಅಷ್ಟು ಪ್ರೀತಿಯಿಂದ ಹುಗಿದ ಬಾಟಲಿ! ಅವನು ಹಲ್ಲು ಕಚ್ಚಿ ಕೊಟ್ಟ ಅಕ್ಕಿಕಾಳಿನಷ್ಟು ಮಾಂಸವನ್ನು ಅವಳೇ ಐಸಿಟ್ಟು ಕೊಂದಿದ್ದಳು. ಆ ಬೆಂಚಿನ ಮೇಲೆ, ಬಂದುಹೋಗುವವರ ಎದುರೇ, ನೀತಾ ಬಿಕ್ಕಿ ಬಿಕ್ಕಿ ಅತ್ತಳು.

ಹಾರವಾಡದಲ್ಲಿ ನಾಗಮ್ಮ ಎಲ್ಲ ಕೇಳಿ ಬಾಗಿಲು ಹಾಕಿ ಬಂದಳು. ಐಸಿನ ಸುದ್ದಿ ಎತ್ತಬೇಡ, ಲ್ಯಾಬಿನವರೇ ಕೆಡಿಸಿದರು ಅಂದುಬಿಡು, ಗಂಡಸು ಇಂಥದ್ದನ್ನು ಸಾಯುವವರೆಗೂ ಮರೆಯುವುದಿಲ್ಲ ಎಂದಳು. ತಾಯಿಯ ಬುದ್ಧಿ ತಾಯಿಯ ಬುದ್ಧಿಯೇ. ನೀತಾಳಿಗೂ ಒಂದು ಕ್ಷಣ ಹೌದೆನ್ನಿಸಿತು. ಯಾರಿಗೆ ಗೊತ್ತಾಗುತ್ತದೆ?

ಆದರೆ ನಾಲ್ಕು ತಿಂಗಳು ತಾನು ಸುಟ್ಟುಕೊಂಡದ್ದು ಅವನು ಮುಚ್ಚಿಟ್ಟ ಒಂದು ಮಾತಿಗೆ. ಅದನ್ನು ತಾನೂ ಮಾಡಿದರೆ ಅವನಿಗೂ ತನಗೂ ಏನು ವ್ಯತ್ಯಾಸ?

"ಇಲ್ಲ ಆಯಿ. ಹೇಳಿ ಬತ್ತೆ. ಬಿಟ್ರೆ ನಿಜಕ್ಕೇ ಬಿಡ್ಲಿ."

*

ಬೈತಖೋಲಿನಲ್ಲಿ ಬೋಟು ಆಗಷ್ಟೇ ಖಾಲಿಯಾಗಿತ್ತು. ಸಂದೇಶ ಎಂಜಿನ್ ಕೋಣೆಯಿಂದ ಎಣ್ಣೆ ಕೈ ಒರೆಸುತ್ತ ಮೇಲೆ ಬಂದವನು ಕಟ್ಟೆಯ ಮೇಲೆ ಅವಳನ್ನು ಕಂಡು ನಿಂತ. ಬಡವಾಗಿದ್ದ. ಗಡ್ಡ ಬೆಳೆದಿತ್ತು. ಹೊಸ ಹೆಣ್ಣು ನೋಡುವವನ ಮುಖ ಅದಲ್ಲ ಎಂದು ಒಂದೇ ನೋಟಕ್ಕೆ ಅವಳಿಗೆ ಗೊತ್ತಾಯಿತು.

ಬಲೆಗಳ ರಾಶಿಯ ಹಿಂದೆ, ಯಾರೂ ಇಲ್ಲದ ಕಡೆ ಹೋಗಿ ನಿಂತರು.

"ವರದಿ ಬಂದಿತ್ತು. ನೀ ಮುಚ್ಚಿಟ್ಟೆ," ಎಂದಳು.

ಅವನು ನೆಲ ನೋಡಿದ. "ಮತ್ತೆಂತಾ ಮಾಡೂದು? ನಿಂಗೆ ಮಗು ಬೇಕು. ನನ್ನ ಹತ್ರ ಇಲ್ಲ. ಹೇಳಿದ್ರೆ ನೀ ಹೋಗ್ತಿರ್ಲಿಲ್ಲ."

"ನಂಗೆ ಮಗು ಬೇಕು ಅಂತ ನೀನೇ ಹೇಳ್ದೆ. ನೀ ಬೇಡ ಅಂತ ನಾ ಯಾವಾಗ ಹೇಳ್ದೆ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ನೀತಾ ಉಸಿರು ಎಳೆದುಕೊಂಡಳು. ಎಲ್ಲ ಹೇಳಿದಳು, ಒಂದೂ ಬಿಡದೆ. ಐಸು, ಕಲ್ಲುಪ್ಪು, ಒಡೆದ ಜೀವಕೋಶ, ಅವನು ಓದದೆ ಬಿಟ್ಟ ಸಾಲು, ಎರಡನೆಯ ತುಂಡು. "ಕೆಡಿಸಿದ್ದು ನಾನೇ. ಕೆಡಬಾರದು ಅಂತ ಇಟ್ಟೆ. ಕೆಡ್ತು."

ಸಂದೇಶ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಮೊದಲು ಆಸೆ ಮಿಂಚಿತು. ಅದರ ಬೆನ್ನಿಗೇ ಸಿಟ್ಟು ಏರಿತು. ನಾಲ್ಕು ತಿಂಗಳು ಸತ್ತವನ ಹಾಗೆ ಬದುಕಿದ್ದು ಒಂದು ಹಿಡಿ ಉಪ್ಪಿಗಾಗಿಯಾ!

"ಇನ್ನೊಂದು ಸಲ ಕೊಯ್ಸ್ಕೊ ಅಂತ ಹೇಳೂಕೆ ಬಂದದ್ದಾ? ಮತ್ತೂ ಇಲ್ಲ ಅಂತ ಬಂದ್ರೆ? ಎರಡು ಸಲ ಸಾಯ್ಬೇಕಾ ನಾನು?"

"ಅಲ್ಲ," ಎಂದಳು ನೀತಾ. "ಕೊಯ್ಸ್ಕೊಳ್ಳೂದು, ಬಿಡೂದು ನಿನ್ನ ಮೈ, ನಿನ್ನ ಇಷ್ಟ. ನಾ ಬಂದದ್ದು ನನ್ನ ಮನೆಗೆ. ಬಟ್ಟೆ ಚೀಲ ಅಲ್ಲಿ ಅದೆ ನೋಡು. ನಾ ಮಾಜಾಳಿಗೆ ಹೋಗ್ತೆ."

ಅವನ ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ನಡೆದಳು. ಬಸ್ಸು ಕಾಳಿ ಸೇತುವೆ ದಾಟುವಾಗಷ್ಟೇ ಅವಳಿಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಅರ್ಧ ದಾರಿ ಬಂದಾಗಿತ್ತು!

ಬಾಗಿಲಲ್ಲಿ ನಿಂತ ಸೊಸೆಯನ್ನು ಕಂಡು ದುರ್ಗಾ ಏನೋ ಹೇಳಲು ಬಾಯಿ ತೆರೆದಳು. ಆ ಮುಖ ನೋಡಿ ಸುಮ್ಮನೆ ಪಕ್ಕಕ್ಕೆ ಸರಿದಳು.

*

ಮೂರು ದಿನ ಸಂದೇಶ ಅವಳ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡ, ಕೆಲಸಕ್ಕೆ ಹೋದ. ನೀತಾ ಕೇಳಲೂ ಇಲ್ಲ, ಒತ್ತಾಯಿಸಲೂ ಇಲ್ಲ. ಬೆಳಗ್ಗೆ ಎಂದಿನಂತೆ ಬಂದರಿಗೆ ಬಂದು ಮೀನು ಕೊಂಡು ಅಂಕೋಲೆಗೆ ಹೋದಳು. ಒಳಗೊಳಗೇ ಒಂದೇ ಮಾತು. *ಅಂವ ನನ್ನ ಮತ್ತೆ ಕಳಿಸಿದ್ರೆ? ಆಗ್ಲೂ ಹೋಗೂದಿಲ್ಲ ನಾನು.*

ನಾಲ್ಕನೆಯ ದಿನ ಹರಾಜಿನ ಗದ್ದಲದ ನಡುವೆ ಅವನು ಜಟ್ಟಪ್ಪನ ಎದುರು ಬಂದು ನಿಂತ. ಹತ್ತು ದಿನ ರಜೆ ಬೇಕು ಎಂದ.

ಮೀನು ಬೀಳುವ ಹೊತ್ತಿನಲ್ಲಿ ಡ್ರೈವರ್ ರಜೆ ಕೇಳಿದರೆ ಯಾವ ಮಾಲೀಕ ಸುಮ್ಮನಿರುತ್ತಾನೆ? ಎಂತಕೆ ಎಂದು ಜಟ್ಟಪ್ಪ ದನಿಯೇರಿಸಿದ. ಸುತ್ತ ನಿಂತ ಹೆಂಗಸರು ತಿರುಗಿದರು. ಒಬ್ಬಳು ಪಕ್ಕದವಳ ಕಿವಿಯಲ್ಲಿ, ಇವಳನ್ನ ಬಿಡೂಕೆ ಕೋರ್ಟಿಗೆ ಹೋಗೂದಿರ್ಬೇಕು ಎಂದದ್ದು ನೀತಾಳಿಗೂ ಕೇಳಿಸಿತು. ಸಂದೇಶನಿಗೂ ಕೇಳಿಸಿತು.

ಅವನು ಆ ಹೆಂಗಸಿನ ಕಡೆಗೇ ತಿರುಗಿದ.

"ಆಸ್ಪತ್ರೆಗೆ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಮಕ್ಕಳಾಗದೇ ಇದ್ದದ್ದು ನನ್ನಿಂದ. ನೀತಾಳಲ್ಲಿ ಎಂತದೂ ಇಲ್ಲ. ನನ್ನ ಬೀಜದ ತುಂಡು ತೆಗೆದು ನೋಡ್ತ್ರು. ಒಂದು ಸಲ ಆಯ್ತು, ಇನ್ನೊಂದು ಸಲ ಆಗ್ಬೇಕು. ನಾನೇ ಹೋಗ್ತೆ."

ಇಂಥ ಮಾತನ್ನು ಅಲ್ಲಿ ಗಂಡಸಿನ ಬಾಯಿಂದ ಯಾರೂ ಕೇಳಿರಲಿಲ್ಲ. ನೀತಾಳ ಕೈಯಿಂದ ಬುಟ್ಟಿ ಜಾರಿತು. ಐದು ವರ್ಷ ಅವಳು ಹೆಗಲ ಮೇಲೆ ಹೊತ್ತದ್ದನ್ನು ಅವನು ಹಾಡಹಗಲಲ್ಲಿ, ನೂರು ಜನರ ಎದುರು ಇಳಿಸಿಬಿಟ್ಟಿದ್ದ!

ಜಟ್ಟಪ್ಪ ಗಂಟಲು ಸರಿಮಾಡಿಕೊಂಡ. "ಎಂಜಿನ್ ನಿಂತ್ರೆ ಬಿಚ್ಚಿ ನೋಡ್ದೆ ಗುಜರಿಗೆ ಹಾಕ್ತ್ರಾ?" ಎಂದು ಗೊಣಗಿದ. "ಹೋಗಿ ಬಾ. ಹತ್ತಲ್ಲ, ಹದಿನೈದು ದಿನ ತಕೋ."

ಬಿದ್ದ ಮೀನು ಆಯುವ ನೆಪದಲ್ಲಿ ನೀತಾ ಬಗ್ಗಿದಳು. ಅವನೂ ಬಗ್ಗಿದ.

"ಮಗುವಿಗಲ್ಲ," ಎಂದ ಮೆಲ್ಲಗೆ. "ನಂಗೇ ಗೊತ್ತಾಗ್ಬೇಕು. ಹೆದ್ರಿ ಹೆದ್ರಿ ನಿನ್ನ ಕಳ್ಕೊಳ್ತಿದ್ದೆ ನಾನು."

*

ಸರ್ಜನ್ ಹಳೆಯ ವರದಿ ಓದಿ ತಲೆ ಚಚ್ಚಿಕೊಂಡರು. ಬಾಟಲಿ ಹೇಗಿಡಬೇಕೆಂದು ನಮ್ಮವರು ಹೇಳಬೇಕಿತ್ತು, ತಪ್ಪು ನಿಮ್ಮೊಬ್ಬರದೇ ಅಲ್ಲ ಎಂದು ನೀತಾಳಿಗೆ ಹೇಳಿದರು. ಈ ಸಲ ಮುಚ್ಚಳ ಬಿಗಿಮಾಡಿ ತಾವೇ ಅವಳ ಕೈಗಿಟ್ಟರು. ಐಸಿಲ್ಲ, ಪೆಟ್ಟಿಗೆಯಿಲ್ಲ. ಹೀಗೇ ಒಯ್ಯಿರಿ, ಇಂದೇ ಒಯ್ಯಿರಿ ಎಂದರು.

ಆರಾಮ ಮಾಡು ಎಂದರೂ ಕೇಳದೆ ಸಂದೇಶ ಬೈತಖೋಲಿನಿಂದ ಜಟ್ಟಪ್ಪನ ಕಾರು ತರಿಸಿದ್ದ. ಹೆಂಡತಿಯನ್ನು ಕೂರಿಸಿ ಕಳಿಸಲು ಗೇಟಿನವರೆಗೆ ಮೆಲ್ಲಗೆ ಕಾಲೆಳೆಯುತ್ತ ಬಂದ. ನೀತಾ ಬಾಟಲಿಯನ್ನು ಅಂಗೈಯಲ್ಲಿ ಹಿಡಿದೇ ಘಟ್ಟ ಹತ್ತಿದಳು. ಮುಚ್ಚಳದ ಸಂದಿಯಿಂದ ಒಸರಿದ ಒಂದು ಹನಿ ಅವಳ ಬೆರಳಿಗೆ ಹಳದಿ ಬಣ್ಣ ಹತ್ತಿಸಿತು. ಎಷ್ಟು ತಿಕ್ಕಿದರೂ ನಾಲ್ಕು ದಿನ ಹೋಗಲಿಲ್ಲ.

ದುರ್ಗಾಳಿಗೆ ಬಂದರಿನ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವಳು ಎರಡು ದಿನ ಮಗನ ಮೇಲೆ ಮುನಿಸಿಕೊಂಡಳು. ಮನೆ ಮಾನ ಬೀದಿಗೆ ಹಾಕಿದೆ ಎಂದಳು. ಮೂರನೆಯ ದಿನ ದೇವರ ಮುಂದೆ ದೀಪ ಹಚ್ಚಿ, ಮೊದಲ ಸಲ ಮಗನ ಹೆಸರು ಹೇಳಿ ಕೈಮುಗಿದಳು. ಒಳಗಿನಿಂದ ಅದನ್ನು ನೀತಾ ಕೇಳಿಸಿಕೊಂಡಳು. ಅಂದು ಅತ್ತೆಯ ತಟ್ಟೆಗೆ ದೊಡ್ಡ ಬಂಗಡೆ ಹಾಕಿದಳು.

ಫೋನ್ ಬಂದದ್ದು ಹದಿನೆಂಟನೆಯ ದಿನ. ನೀತಾ ಅಂಕೋಲೆ ಪೇಟೆಯಲ್ಲಿ ಮೀನಿನ ಮುಂದೆ ಕೂತಿದ್ದಳು. ಡಾಕ್ಟರ್ ಪೂರ್ಣಿಮಾ ಹೇಳುತ್ತಾ ಹೋದರು, ಅವಳು ಹೂಂ ಹೂಂ ಎನ್ನುತ್ತಾ ಹೋದಳು. ಎದುರಿನ ಗಿರಾಕಿ ಎರಡು ಸಲ ದರ ಕೇಳಿ ಬೇಸತ್ತು ಹೊರಟುಹೋದ. ಫೋನ್ ಇಟ್ಟವಳೇ ಎದ್ದು ಓಡಿದಳು. ಸಿಕ್ಕಿದ ಟೆಂಪೋ ಹತ್ತಿ ಕಾರವಾರಕ್ಕೆ.

ಬೋಟು ಇನ್ನೂ ಸಮುದ್ರದಲ್ಲಿತ್ತು. ಸಂದೇಶ ಕೆಲಸಕ್ಕೆ ಮರಳಿ ಮೂರೇ ದಿನವಾಗಿತ್ತು. ಅವಳು ಕಟ್ಟೆಯ ತುದಿಯಲ್ಲಿ ಬಿಸಿಲಿಗೆ ನಿಂತೇ ಕಾದಳು.

ಬೋಟು ಕಟ್ಟೆಗೆ ತಾಗುವ ಮೊದಲೇ ಅವನು ಅವಳನ್ನು ಕಂಡ. ಹಗ್ಗ ಕಟ್ಟುವುದನ್ನೂ ಬಿಟ್ಟು ಹಾರಿ ಇಳಿದು ಬಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದ.

"ಈಗ್ಲೇ ಹೇಳ್ಬೇಡ. ಮೊದ್ಲು ನಂದು ಕೇಳು." ಏದುಸಿರು ಬಿಡುತ್ತಿದ್ದ. "ಅದರಲ್ಲಿ ಎಂತಾ ಬಂದಿದ್ರೂ... ನಂಗೆ ನೀ ಬೇಕು. ಅವತ್ತು ಫೋನಲ್ಲಿ ಸಾಕಾಯ್ತು ಅಂದೆ. ಅದು ಸುಳ್ಳು. ವರದಿ ಬರ್ಲಿಲ್ಲ ಅಂದದ್ದೂ ಸುಳ್ಳೇ, ಆದ್ರೆ ನಾಲ್ಕು ತಿಂಗಳು ನನ್ನ ತಿಂದದ್ದು ಇದು. ಈಗ ಹೇಳು."

ನೀತಾಳ ಕಣ್ಣು ತುಂಬಿ ಅವನ ಮುಖವೇ ಕಾಣದಾಯಿತು.

"ಅದೆ," ಎಂದಳು.

"ಎಂತದು?"

"ಎಲ್ಲಾ ಅದೆ. ಒಳಗೆ ಸರಿಯಾಗಿ ತಯಾರಾಗ್ತದಂತೆ. ಹೊರಗೆ ಬರೂ ದಾರಿ ಮಾತ್ರ ಕಟ್ಟಿಹೋಯ್ತಂತೆ, ಆ ಹರ್ನಿಯಾ ಆಪರೇಶನ್ ಹೊತ್ತಿಗೆ."

ಸಂದೇಶ ಅಲ್ಲೇ, ಒದ್ದೆ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೋಟಿನ ಮೇಲಿದ್ದವರು ಬೇಕೆಂದೇ ಬೇರೆ ಕಡೆ ನೋಡಿದರು.

ಅವಳು ಪಕ್ಕದಲ್ಲೇ ಕೂತು ಉಳಿದದ್ದನ್ನೂ ಹೇಳಿದಳು. ಇದು ಅರ್ಧ ದಾರಿ ಮಾತ್ರ. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ವೀರ್ಯಾಣು ತೆಗೆದು, ಅವಳ ಅಂಡದ ಜೊತೆ ಅಲ್ಲೇ ಸೇರಿಸಿ ನೋಡಬೇಕು. ಆದರೆ ಆಯಿತು, ಆಗದೆಯೂ ಹೋಗಬಹುದು. ಡಾಕ್ಟರು ಭರವಸೆ ಏನೂ ಕೊಟ್ಟಿಲ್ಲ.

ಅವನು ಕಣ್ಣೊರೆಸಿಕೊಂಡು ಎಲ್ಲಕ್ಕೂ ತಲೆಯಾಡಿಸಿದ.

"ಒಂದು ಕೇಳ್ತೆ," ಎಂದಳು ನೀತಾ. "ಆಗದೇ ಹೋದ್ರೆ ಮತ್ತೆ ಹಾರವಾಡದ ಬಸ್ಸು ಹತ್ತಿಸ್ತ್ಯಾ?"

"ಹತ್ತಿಸಿದ್ರೆ ನೀ ಹೋಗ್ತ್ಯಾ?"

"ಇಲ್ಲ."

"ಮತ್ತೆ ಕೇಳೂದು ಎಂತಕೆ?" ಎಂದು ಸಂದೇಶ ಅವಳ ಕೈ ಹಿಡಿದುಕೊಂಡ.